ಕಚೇರಿ, ಮನೆ, ಮೊಬೈಲು: ಇವುಗಳ ನಡುವೆ ಓದಿನಲ್ಲಿ ಮನಸ್ಸು ನಿಲ್ಲಿಸುವುದು ಹೇಗೆ?

ವರದಾತೀರ ಕೇಳಿದ ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಾನು ಹಾವೇರಿ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ಗ್ರಾಮ ಆಡಳಿತ ಅಧಿಕಾರಿಯಾಗಿದ್ದೇನೆ. ಊರಿನವರು ಈಗಲೂ ಗ್ರಾಮ ಲೆಕ್ಕಿಗರು ಎಂದೇ ಕರೆಯುತ್ತಾರೆ. ಕೆಎಎಸ್ ಪರೀಕ್ಷೆ ಬರೆಯಬೇಕೆಂಬ ಆಸೆ ನೌಕರಿಗೆ ಸೇರುವ ಮೊದಲಿನಿಂದಲೂ ಇದೆ. ಮನೆಯಲ್ಲಿ ಯಜಮಾನರು, ಅತ್ತೆ, ಮಾವ ಮತ್ತು ಯುಕೆಜಿಗೆ ಹೋಗುವ ಮಗಳಿದ್ದಾರೆ. ಬೆಳಿಗ್ಗೆ ಅಡುಗೆ ಮತ್ತು ಮಗಳ ಡಬ್ಬಿ ಮುಗಿಸಿ ಹೊರಟರೆ ಹಳ್ಳಿ ಮತ್ತು ನಾಡಕಚೇರಿಯ ನಡುವೆ ಓಡಾಡಿ ಮನೆ ಸೇರುವಾಗ ಕತ್ತಲಾಗಿರುತ್ತದೆ. ರಾತ್ರಿ ಒಂಬತ್ತೂವರೆಯ ನಂತರ ಪುಸ್ತಕ ತೆರೆಯುತ್ತೇನೆ.

ತೊಂದರೆ ಶುರುವಾಗುವುದು ಅಲ್ಲಿಂದಲೇ. ಪೌತಿ ಖಾತೆ, ಬೆಳೆ ಸಮೀಕ್ಷೆ, ಪಿಂಚಣಿ ಅರ್ಜಿಗಳ ವರದಿ ಎಂದು ನಮ್ಮ ಕೆಲಸವೆಲ್ಲ ಈಗ ಮೊಬೈಲಿನೊಳಗೇ ನಡೆಯುತ್ತದೆ, ಮತ್ತು ಮರುದಿನ ಏನು ಸಲ್ಲಿಸಬೇಕು ಎಂಬ ಸೂಚನೆ ರಾತ್ರಿ ಯಾವ ಹೊತ್ತಿನಲ್ಲಾದರೂ ವಾಟ್ಸಾಪ್ ಗುಂಪಿಗೆ ಬರಬಹುದಾದ್ದರಿಂದ ಅದನ್ನು ಆರಿಸಿ ಇಡುವಂತಿಲ್ಲ. ಸಂದೇಶ ನೋಡಲೆಂದು ಕೈಗೆತ್ತಿಕೊಂಡ ಮೊಬೈಲು ಅರ್ಧ ಗಂಟೆಯಾದರೂ ಕೈಯಲ್ಲೇ ಇರುತ್ತದೆ. ನೋಟ್ಸುಗಳು ಟೆಲಿಗ್ರಾಂನಲ್ಲಿ, ತರಗತಿಗಳು ಯೂಟ್ಯೂಬಿನಲ್ಲಿ ಇರುವುದರಿಂದ ಓದುವುದಕ್ಕೂ ಅದೇ ಬೇಕು. ಭಾನುವಾರ ಹುರುಪಿನಿಂದ ಬರೆದ ವೇಳಾಪಟ್ಟಿ ವಾರದ ನಡುವೆ ಮುರಿದು ಬಿದ್ದರೆ, ಉಳಿದ ದಿನಗಳಲ್ಲಿ ಪುಸ್ತಕ ಮುಟ್ಟುವುದಕ್ಕೂ ಮನಸ್ಸಾಗುವುದಿಲ್ಲ.

ಕೇಳಿದವರೆಲ್ಲ "ಮನಸ್ಸು ಗಟ್ಟಿ ಮಾಡಿಕೊಳ್ಳಿ" ಎನ್ನುತ್ತಾರೆ. ಇದು ನಿಜವಾಗಿಯೂ ಮನಸ್ಸಿನ ಗಟ್ಟಿತನದ ಪ್ರಶ್ನೆಯೇ? ನೌಕರಿ ಮತ್ತು ಸಂಸಾರ ಎರಡನ್ನೂ ಇಟ್ಟುಕೊಂಡು ಓದಿದವರು ದಿನವನ್ನು ಹೇಗೆ ಹೊಂದಿಸಿಕೊಂಡಿರಿ? ಸ್ಫೂರ್ತಿ ತುಂಬುವ ವಿಡಿಯೊಗಳ ಕೊಂಡಿಗಳನ್ನು ದಯವಿಟ್ಟು ಹಾಕಬೇಡಿ. ಅವುಗಳನ್ನು ನೋಡುತ್ತಲೇ ಹಲವು ರಾತ್ರಿಗಳು ಕಳೆದಿವೆ.

ಕಪ್ಪುಹಲಗೆ ಉತ್ತರಿಸಿದ್ದಾರೆ:

ವರದಾತೀರ ಅವರೇ, ನಾನು ಪದವಿ ಕಾಲೇಜಿನಲ್ಲಿ ಮನಶ್ಶಾಸ್ತ್ರ ಬೋಧಿಸುತ್ತೇನೆ. ನಿಮ್ಮ ಮೊದಲ ಪ್ರಶ್ನೆ ನಮ್ಮ ಶಾಸ್ತ್ರದೊಳಗೇ ಬಹುಕಾಲದಿಂದ ಚರ್ಚೆಯಲ್ಲಿರುವಂಥದ್ದು, ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

1998ರಲ್ಲಿ ಅಮೆರಿಕದ ರಾಯ್ ಬೌಮೈಸ್ಟರ್ ಮತ್ತು ಸಂಗಡಿಗರು ಒಂದು ಪ್ರಯೋಗ ನಡೆಸಿದರು. ಆಗಷ್ಟೇ ಸುಟ್ಟ ಚಾಕೊಲೇಟ್ ಬಿಸ್ಕತ್ತಿನ ಪರಿಮಳ ತುಂಬಿದ ಕೋಣೆಯಲ್ಲಿ ಕೆಲವರಿಗೆ ಬಿಸ್ಕತ್ತನ್ನು ಮುಟ್ಟದೆ ಬರೀ ಮೂಲಂಗಿ ತಿನ್ನಲು ಹೇಳಿ, ಆಮೇಲೆ ಬಿಡಿಸಲಾಗದಂಥ ಒಗಟನ್ನು ಕೊಟ್ಟಾಗ, ಅವರು ಉಳಿದವರಿಗಿಂತ ಬೇಗ ಕೈಚೆಲ್ಲಿದರು. ಸಂಯಮವೆಂಬುದು ಬಳಸಿದಷ್ಟೂ ಖಾಲಿಯಾಗುವ ಶಕ್ತಿ ಎಂಬ ವಾದ ಇದರಿಂದ ಪ್ರಸಿದ್ಧವಾಯಿತು, ಮತ್ತು ಸಾಯಂಕಾಲವಾಗುವಷ್ಟರಲ್ಲಿ ಅದು ತೀರಿಹೋಗಿರುತ್ತದೆ ಎಂಬ ಮಾತು ಎಲ್ಲೆಡೆ ಹರಡಿತು. ಆದರೆ 2016ರಲ್ಲಿ 23 ಪ್ರಯೋಗಾಲಯಗಳು ಸೇರಿ, ಎರಡು ಸಾವಿರಕ್ಕೂ ಹೆಚ್ಚು ಜನರ ಮೇಲೆ, ಬೇರೊಂದು ಬಗೆಯ ಕೆಲಸವನ್ನು ಕೊಟ್ಟು ಅದೇ ವಾದವನ್ನು ಪರೀಕ್ಷಿಸಿದಾಗ ಪರಿಣಾಮ ಹೆಚ್ಚುಕಡಿಮೆ ಸೊನ್ನೆಯೆಂದು ಕಂಡಿತು. ವಿದ್ವಾಂಸರ ಜಗಳ ಇನ್ನೂ ಮುಗಿದಿಲ್ಲ. ರಾತ್ರಿ ನಿಮಗಾಗುವ ದಣಿವು ಸುಳ್ಳಲ್ಲ. ಆದರೆ ಮನೋಬಲದ ದಾಸ್ತಾನು ನಿಮ್ಮಲ್ಲಿ ಕಡಿಮೆಯಿದೆ ಎಂದು ನಂಬಿಕೊಳ್ಳುವುದಕ್ಕೆ ಗಟ್ಟಿಯಾದ ಆಧಾರವಿಲ್ಲ.

ನನಗೆ ಇದಕ್ಕಿಂತ ಮುಖ್ಯವೆನಿಸುವುದು ವಿಲ್ಹೆಲ್ಮ್ ಹಾಫ್‌ಮನ್ ಮತ್ತು ಸಂಗಡಿಗರು ಜರ್ಮನಿಯಲ್ಲಿ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನ. 205 ಜನರಿಗೆ ಒಂದು ವಾರದ ಮಟ್ಟಿಗೆ ಸಾಧನವೊಂದನ್ನು ಕೊಟ್ಟು, ದಿನದಲ್ಲಿ ಹಲವು ಬಾರಿ "ಈ ಗಳಿಗೆಯಲ್ಲಿ ನಿಮಗೆ ಏನು ಬೇಕೆನಿಸುತ್ತಿದೆ, ಅದನ್ನು ತಡೆಯುತ್ತಿದ್ದೀರಾ" ಎಂದು ಕೇಳಿದರು. ಸಂಯಮ ಹೆಚ್ಚಿರುವವರು ಆಸೆಗಳೊಡನೆ ಹೆಚ್ಚು ಹೋರಾಡುತ್ತಾರೆ ಎಂಬುದು ನಮ್ಮೆಲ್ಲರ ಊಹೆ. ಕಂಡುಬಂದದ್ದು ಅದಕ್ಕೆ ವಿರುದ್ಧವಾಗಿತ್ತು: ಅಂಥವರಿಗೆ ಹೋರಾಟದ ಸಂದರ್ಭಗಳೇ ಕಡಿಮೆ ಬರುತ್ತಿದ್ದವು. ಅಂದರೆ ಶಿಸ್ತುಳ್ಳವರೆಂದು ನಾವು ಮೆಚ್ಚುವವರಲ್ಲಿ ಹೆಚ್ಚಿನವರು ತಮ್ಮ ದಿನವನ್ನು, ಕೋಣೆಯನ್ನು, ಜೊತೆಗಾರರನ್ನು ಮನಸ್ಸು ಗಟ್ಟಿ ಮಾಡಿಕೊಳ್ಳಬೇಕಾದ ಪ್ರಸಂಗವೇ ಬಾರದಂತೆ ಹೊಂದಿಸಿಕೊಂಡಿರುತ್ತಾರೆ. ನಿಮ್ಮ ವ್ಯವಸ್ಥೆಯಲ್ಲಿ ಈಗ ಪ್ರತಿ ರಾತ್ರಿ ಓದಿನ ಮೇಜಿನ ಮೇಲೆಯೇ ಯುದ್ಧ ನಡೆಯುತ್ತಿದೆ. ಅದರಲ್ಲಿ ಯಾರೇ ಆದರೂ ಸೋಲುತ್ತಾರೆ.

ಇನ್ನು ಉಪಾಯ. ಪೀಟರ್ ಗಾಲ್ವಿಟ್ಜರ್ ಎಂಬ ಜರ್ಮನ್ ಮನಶ್ಶಾಸ್ತ್ರಜ್ಞರು 1990ರ ದಶಕದಿಂದ ಅಧ್ಯಯನ ಮಾಡುತ್ತ ಬಂದ ಒಂದು ಸರಳ ವಿಧಾನವಿದೆ. "ನಾನು ದಿನಾ ಓದುತ್ತೇನೆ" ಎಂಬ ಸಂಕಲ್ಪದ ಬದಲು "ಇಂಥದ್ದು ಆದ ಕೂಡಲೇ, ಇಂಥ ಜಾಗದಲ್ಲಿ, ಇಂಥದ್ದನ್ನು ಮಾಡುತ್ತೇನೆ" ಎಂದು ಮೊದಲೇ ತೀರ್ಮಾನಿಸುವುದು. 2006ರಲ್ಲಿ 94 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ ಇದರ ಫಲ ಗಣನೀಯವಾಗಿಯೇ ಇತ್ತು. ನಿಮಗೆ ಇದು ಹೀಗಿರಬಹುದು: "ಮಗಳು ಮಲಗಿದ ಕೂಡಲೇ ನಡುಮನೆಯ ಮೇಜಿಗೆ ಹೋಗಿ, ನಿನ್ನೆ ಗುರುತು ಹಾಕಿದ ಪುಟದಿಂದ ರಾಜ್ಯವ್ಯವಸ್ಥೆಯ ಪಾಠ ಓದುತ್ತೇನೆ." ಅಡ್ಡಿಗೂ ಒಂದು ವಾಕ್ಯವಿರಲಿ: "ಗುಂಪಿನಲ್ಲಿ ಸೂಚನೆ ಬಂದರೆ ಅದನ್ನು ಹಾಳೆಯ ಮೇಲೆ ಬರೆದುಕೊಂಡು ಮೊಬೈಲನ್ನು ಮತ್ತೆ ಕಪಾಟಿನ ಮೇಲೆ ಇಡುತ್ತೇನೆ." ಇಂಥ ವಾಕ್ಯಗಳನ್ನು ಒಮ್ಮೆಗೇ ಹತ್ತಾರು ಬರೆದರೆ ಪ್ರಯೋಜನ ಕುಗ್ಗುತ್ತದೆ. ಎರಡು ಸಾಕು.

ವಾರದ ನಡುವೆ ಮುರಿಯುವ ವೇಳಾಪಟ್ಟಿಯ ಬಗ್ಗೆಯೂ ಒಂದು ಮಾತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರಗಳ ಕಾಲ ಗಮನಿಸಿದರು. ಹೊಸ ಅಭ್ಯಾಸವೊಂದು ತಾನಾಗಿಯೇ ನಡೆಯುವ ಹಂತಕ್ಕೆ ಬರಲು ಬೇಕಾದ ಕಾಲದ ಮಧ್ಯಾಂಕ 66 ದಿನಗಳೆಂದೂ, ಅವರ ಅಂದಾಜಿನಲ್ಲಿ ಅದು ವ್ಯಕ್ತಿಯಿಂದ ವ್ಯಕ್ತಿಗೆ 18ರಿಂದ 254 ದಿನಗಳವರೆಗೆ ವ್ಯತ್ಯಾಸವಾಗುತ್ತದೆಂದೂ ಕಂಡಿತು. ಇಪ್ಪತ್ತೊಂದು ದಿನದ ಲೆಕ್ಕ ಹೇಳುವವರನ್ನು ನೀವು ನಂಬಬೇಕಾಗಿಲ್ಲ. ನಿಮಗೆ ಹೆಚ್ಚು ಉಪಯೋಗಕ್ಕೆ ಬರುವ ಅಂಶ ಅದೇ ಅಧ್ಯಯನದಲ್ಲಿ ಇನ್ನೊಂದಿದೆ: ನಡುವೆ ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ಬೇರೂರುವುದಕ್ಕೆ ಹೇಳಿಕೊಳ್ಳುವಂಥ ಹಾನಿಯಾಗಲಿಲ್ಲ. ಬುಧವಾರ ತಪ್ಪಿತೆಂದು ಗುರುವಾರವನ್ನೂ ಶುಕ್ರವಾರವನ್ನೂ ಬಿಟ್ಟುಕೊಡುವುದೇ ನಷ್ಟಕ್ಕೆ ಕಾರಣ.

ಸಪ್ತಾಪುರದ ಹಳಬ ಉತ್ತರಿಸಿದ್ದಾರೆ:

ಮೇಷ್ಟ್ರು ಬರೆದದ್ದನ್ನು ಗೌರವದಿಂದ ಓದಿದೆ. ಆದರೂ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಧಾರವಾಡದ ಸಪ್ತಾಪುರದಲ್ಲಿ ಕೋಣೆ ಹಿಡಿದು ಓದಿದವನು ನಾನು. ಉತ್ತರ ಕರ್ನಾಟಕದ ಎಲ್ಲ ಜಿಲ್ಲೆಗಳ ಹುಡುಗರು ಹುಡುಗಿಯರು ಅಲ್ಲಿಗೆ ಬಂದು ಕೋಚಿಂಗ್ ಸೆಂಟರು, ಮೆಸ್ಸು, ರೀಡಿಂಗ್ ರೂಮುಗಳ ನಡುವೆ ವರ್ಷಗಟ್ಟಲೆ ಕಳೆಯುವುದನ್ನು ಕಂಡಿದ್ದೇನೆ. ಅವರಲ್ಲಿ ದಡ ಸೇರಿದವರಿಗೂ ಸೇರದವರಿಗೂ ಇದ್ದ ವ್ಯತ್ಯಾಸ ಬುದ್ಧಿಯದ್ದಲ್ಲ, ನಿಷ್ಠುರತೆಯದ್ದು ಎಂದೇ ನಾನು ಈಗಲೂ ನಂಬುತ್ತೇನೆ. ಸ್ಮಾರ್ಟ್‌ಫೋನನ್ನು ಊರಿಗೆ ಕಳಿಸಿ, ಗುಂಡಿಯ ಮೊಬೈಲು ಇಟ್ಟುಕೊಂಡು, ಬೆಳಗಿನ ನಾಲ್ಕಕ್ಕೆ ಎದ್ದು ಓದಿದವರು ಅಲ್ಲಿದ್ದರು. ಕಾರಣ ಹುಡುಕುತ್ತ ಹೋದರೆ ಕಾರಣಗಳಿಗೆ ಕೊನೆಯಿಲ್ಲ.

ಮೇಡಂ, ನಿಮಗೆ ನನ್ನ ಸಲಹೆ ಇಷ್ಟೇ. ರಾತ್ರಿಯ ಓದನ್ನು ಬಿಟ್ಟುಬಿಡಿ. ನಾಲ್ಕಕ್ಕೆ ಎದ್ದರೆ ಆರೂವರೆಯವರೆಗೆ ಯಾವ ಗುಂಪಿನಲ್ಲೂ ಸೂಚನೆ ಬರುವುದಿಲ್ಲ, ಮನೆಯಲ್ಲಿ ಯಾರೂ ಕರೆಯುವುದಿಲ್ಲ, ತಲೆಯೂ ತಿಳಿಯಾಗಿರುತ್ತದೆ. ಮೊದಲ ಕೆಲವು ವಾರ ಕಷ್ಟವಾಗುತ್ತದೆ. ಆಮೇಲೆ ದೇಹ ಒಗ್ಗಿಕೊಳ್ಳುತ್ತದೆ.

ರಾತ್ರಿಪಾಳಿ ಉತ್ತರಿಸಿದ್ದಾರೆ:

ಹಿರಿಯರಾದ ಸಪ್ತಾಪುರದವರ ಮಾತಿಗೆ ನನ್ನ ಆಕ್ಷೇಪವಿದೆ. ನಾನು ಶುಶ್ರೂಷಾಧಿಕಾರಿ, ನಿದ್ದೆಗೆಟ್ಟು ಕೆಲಸ ಮಾಡುವವರ ನಡುವೆಯೇ ನನ್ನ ಬದುಕು ಸಾಗುತ್ತಿದೆ.

"ದೇಹ ಒಗ್ಗಿಕೊಳ್ಳುತ್ತದೆ" ಎಂಬ ಮಾತು ಅರ್ಧ ಮಾತ್ರ ನಿಜ. 2003ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ 48 ಜನ ಆರೋಗ್ಯವಂತರ ಮೇಲೆ ನಡೆದ ಪ್ರಯೋಗವೊಂದಿದೆ. ರಾತ್ರಿಗೆ ಆರು ಗಂಟೆ ಅಥವಾ ಅದಕ್ಕಿಂತ ಕಡಿಮೆ ನಿದ್ದೆಯಂತೆ ಎರಡು ವಾರ ಕಳೆದವರ ಎಚ್ಚರ ಮತ್ತು ನೆನಪು, ಒಂದೆರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಇಳಿದಿದ್ದವು. ಭಯ ಹುಟ್ಟಿಸುವ ವಿಷಯವೆಂದರೆ, ತಮ್ಮ ಸಾಮರ್ಥ್ಯ ಇಷ್ಟು ಕುಸಿದಿದೆ ಎಂಬುದು ಅವರ ಗಮನಕ್ಕೆ ಹೆಚ್ಚಾಗಿ ಬಂದಿರಲಿಲ್ಲ. ದೇಹಕ್ಕೆ ಒಗ್ಗಿದಂತೆ ಅನಿಸುತ್ತದೆ, ಆದರೆ ತಪ್ಪುಗಳು ಹೆಚ್ಚುತ್ತಲೇ ಇರುತ್ತವೆ. ವಯಸ್ಕರಿಗೆ ಏಳು ಗಂಟೆಯಾದರೂ ನಿದ್ದೆ ಬೇಕೆಂಬುದು ನಿದ್ರಾತಜ್ಞರ ಶಿಫಾರಸು. ನಾಲ್ಕಕ್ಕೆ ಏಳಬೇಕಾದರೆ ಒಂಬತ್ತಕ್ಕೆ ಮಲಗಬೇಕು. ಈ ತಾಯಿ ಒಂಬತ್ತೂವರೆಯ ನಂತರ ಓದಲು ಕೂರುವವರು, ಅವರು ಯಾವಾಗ ಮಲಗಬೇಕು? ಕೋಣೆ ಹಿಡಿದು, ಮೆಸ್ಸಿನಲ್ಲಿ ಉಂಡು, ಬಟ್ಟೆಯೊಂದನ್ನು ಬಿಟ್ಟರೆ ಬೇರೆ ಚಿಂತೆಯಿಲ್ಲದೆ ಓದುವವರ ನಿಷ್ಠುರತೆಯನ್ನು ಅಳತೆಗೋಲಾಗಿ ಇಟ್ಟುಕೊಂಡು ಮನೆ ನಡೆಸುವ ಹೆಣ್ಣುಮಗಳನ್ನು ಅಳೆಯುವುದು ನ್ಯಾಯವಲ್ಲ.

ವರದಾತೀರ ಅಕ್ಕ, ನಾನು ಹೇಳಬೇಕೆಂದಿರುವುದು ಇದಕ್ಕಿಂತ ಮುಂದಿನದು. ಶಿಸ್ತಿನ ಬಗ್ಗೆ ಮಾತನಾಡುವವರೆಲ್ಲ ಅದನ್ನು ಒಬ್ಬರ ಖಾಸಗಿ ಗುಣವೆಂಬಂತೆ ಮಾತನಾಡುತ್ತಾರೆ. ಒಂದೂವರೆ ಗಂಟೆ ಯಾರೂ ಕರೆಯದಿರುವುದು ನಿಮ್ಮೊಬ್ಬರ ಸಂಕಲ್ಪದಿಂದ ಸಾಧ್ಯವಾಗುವ ಸಂಗತಿಯಲ್ಲ. ಅದನ್ನು ಮನೆಯವರು ಕೊಡಬೇಕು. ನಿಮ್ಮ ಪತ್ರದಲ್ಲಿ ಪತಿ, ಅತ್ತೆ, ಮಾವ ಮೂವರ ಪ್ರಸ್ತಾಪವಿದೆ, ಆದರೆ ಸಂಜೆ ಮಗಳ ಹೋಂವರ್ಕ್ ಯಾರು ನೋಡುತ್ತಾರೆ, ಪಾತ್ರೆ ಯಾರು ತೊಳೆಯುತ್ತಾರೆ ಎಂಬುದು ಇಲ್ಲ. "ನನಗೆ ಓದಲು ಬಿಡಿ" ಎಂದು ಸಾರಾಸಗಟಾಗಿ ಕೇಳಿದರೆ ಎಲ್ಲರೂ ಒಪ್ಪುತ್ತಾರೆ, ಯಾರೂ ಏನೂ ಮಾಡುವುದಿಲ್ಲ. "ಸೋಮವಾರದಿಂದ ಶುಕ್ರವಾರದವರೆಗೆ ಏಳೂವರೆಯಿಂದ ಒಂಬತ್ತರವರೆಗೆ ಮಗಳು ಅಪ್ಪನ ಜೊತೆ" ಎಂದು ಗಂಟೆ ಮತ್ತು ಕೆಲಸವನ್ನು ಹೆಸರಿಸಿ ಕೇಳಿ. ಏಳೂವರೆಗೆ ತಲೆ ಇರುವಷ್ಟು ಚುರುಕು ಹತ್ತೂವರೆಗೆ ಇರುವುದಿಲ್ಲ. ರಾತ್ರಿ ಊಟದ ನಂತರದ ಹೊತ್ತು ಎಲ್ಲರಿಗೂ ಕೊಟ್ಟು ಉಳಿದ ಹೊತ್ತು. ಅದನ್ನೇ ಪರೀಕ್ಷೆಗೆ ಇಡಬೇಕೆಂಬ ಕಟ್ಟಳೆ ಎಲ್ಲಿದೆ?

ಇನ್ನೊಂದು ವಿಷಯವನ್ನು ಕರ್ತವ್ಯವೆಂದು ಹೇಳುತ್ತೇನೆ. ಚಿಕ್ಕಂದಿನಿಂದಲೂ ಯಾವ ಕೆಲಸದಲ್ಲೂ ಗಮನ ನಿಲ್ಲದೆ ತೊಂದರೆಯಾಗುತ್ತಿದ್ದರೆ, ಅಥವಾ ಈಚೆಗೆ ಯಾವುದರಲ್ಲೂ ಆಸಕ್ತಿಯೇ ಇಲ್ಲದಂತಾಗಿದ್ದರೆ, ಅದಕ್ಕೆ ವೇಳಾಪಟ್ಟಿ ಮದ್ದಲ್ಲ. 2022ರಲ್ಲಿ ಆರಂಭವಾದ ಟೆಲಿ ಮನಸ್ ಸಹಾಯವಾಣಿ, ಸಂಖ್ಯೆ 14416, ಉಚಿತವಾಗಿದೆ, ಕನ್ನಡದಲ್ಲಿಯೇ ಮಾತನಾಡಬಹುದು. ನಿಮ್ಮ ಪತ್ರ ಓದಿದರೆ ನಿಮಗೆ ಹಾಗಿದೆ ಎಂದು ನನಗೆ ಅನಿಸುವುದಿಲ್ಲ, ಆದರೆ ಈ ಚರ್ಚೆಯನ್ನು ಬೇರೆಯವರೂ ಓದುತ್ತಾರೆ.

ವರದಾತೀರ ಪ್ರತಿಕ್ರಿಯಿಸಿದ್ದಾರೆ:

ಎಲ್ಲರಿಗೂ ಧನ್ಯವಾದಗಳು. ರಾತ್ರಿಪಾಳಿಯವರ ಮಾತನ್ನು ಯಜಮಾನರಿಗೆ ಓದಿ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋಂವರ್ಕ್ ನಾನು ನೋಡುತ್ತೇನೆ, ಚಪಾತಿ ಮಾತ್ರ ನನ್ನಿಂದಾಗದು" ಎಂದರು. ಅತ್ತೆಯವರು ಅದಕ್ಕೆ ನಕ್ಕು, ರೊಟ್ಟಿ ಬಡಿಯುವುದು ತಮಗೆ ಬಿಡಿ ಎಂದಿದ್ದಾರೆ.

ಎರಡು ಸಂದೇಹಗಳು ಉಳಿದಿವೆ. ಒಂದು, ಕುಳಿತುಕೊಳ್ಳಲು ಸಮಯ ಸಿಕ್ಕರೂ ಕಚೇರಿಯ ವಿಷಯ ತಲೆಯಿಂದ ಹೋಗುವುದಿಲ್ಲ. ಪುಟದ ಮೇಲೆ ಕಣ್ಣು ಓಡುತ್ತಿರುತ್ತದೆ, ಒಳಗೆ ಯಾರದೋ ಪಹಣಿ ತಿದ್ದುಪಡಿಯ ಅರ್ಜಿ ಓಡುತ್ತಿರುತ್ತದೆ. ಎರಡು, ಪರೀಕ್ಷೆ ಯಾವಾಗ ಎಂಬುದೇ ಖಚಿತವಿಲ್ಲದಿದ್ದಾಗ ದಿನಾ ಓದುವ ಹುರುಪು ಎಲ್ಲಿಂದ ತರುವುದು?

ತಂಬೂರಿ ಉತ್ತರಿಸಿದ್ದಾರೆ:

ಪರೀಕ್ಷೆಗಳ ವಿಷಯ ನನಗೆ ತಿಳಿಯದು. ಹುಬ್ಬಳ್ಳಿಯಲ್ಲಿ ಮಕ್ಕಳಿಗೆ ಹಿಂದೂಸ್ತಾನಿ ಸಂಗೀತ ಹೇಳಿಕೊಡುವವನಾದ್ದರಿಂದ, ಕುಳಿತ ಜಾಗದಲ್ಲಿ ಮನಸ್ಸು ನಿಲ್ಲಿಸುವ ವಿಷಯವಾಗಿ ಮಾತ್ರ ಹೇಳಬಲ್ಲೆ.

ನಮ್ಮ ರಿಯಾಜಿನಲ್ಲಿ "ಇವತ್ತು ಯಾವಾಗ ಕೂರಲಿ, ಏನು ಹಾಡಲಿ" ಎಂಬ ಪ್ರಶ್ನೆಯನ್ನು ವಿದ್ಯಾರ್ಥಿಗೆ ಬಿಡುವುದೇ ಇಲ್ಲ. ರಾಗಗಳಿಗೇ ಹೊತ್ತು ನಿಗದಿಯಾಗಿದೆ: ತೋಡಿ ಬೆಳಿಗ್ಗೆ, ಮುಲ್ತಾನಿ ಮಧ್ಯಾಹ್ನ ಇಳಿಯುವ ಹೊತ್ತಿಗೆ, ಪೂರಿಯಾ ಸಂಜೆಗೆ. ಆ ಹೊತ್ತು ಬಂತೆಂದರೆ ಕೂರಬೇಕು, ಕೂತರೆ ಷಡ್ಜದಿಂದ ಆರಂಭ. ಮೊದಲ ಕಾಲು ಗಂಟೆ ಬರೀ ತಂಬೂರಿಯ ಶ್ರುತಿ ಸೇರಿಸುವುದು, ಸ್ವರ ಹಚ್ಚುವುದು; ಅದರಲ್ಲಿ ಹೊಸದೇನೂ ಇಲ್ಲ, ಯೋಚಿಸಬೇಕಾದದ್ದೂ ಇಲ್ಲ. ಹೊರಗಿನ ಗದ್ದಲವನ್ನು ಹೊತ್ತು ಬಂದ ಹುಡುಗ ಆ ಕಾಲು ಗಂಟೆಯಲ್ಲಿ ತಾನಾಗಿಯೇ ಒಳಗೆ ಬರುತ್ತಾನೆ. ಬಂದ ಕೂಡಲೇ ತಾನ್, ಅಂದರೆ ವೇಗದ ಸ್ವರಗಳ ಸಾಲು, ಹಾಡಲು ಹಚ್ಚಿದರೆ ಯಾವ ಹುಡುಗನಿಗೂ ಮನಸ್ಸು ನಿಲ್ಲುವುದಿಲ್ಲ. ನೀವೂ ಪುಸ್ತಕದ ಕಷ್ಟದ ಪುಟದಿಂದ ಆರಂಭಿಸಬೇಡಿ ತಾಯಿ. ನಿನ್ನೆ ಓದಿದ್ದರ ಒಂದು ಪುಟವನ್ನು ಕೈಯಿಂದ ಬರೆಯಿರಿ, ಅಥವಾ ನಕಾಶೆಯಲ್ಲಿ ನದಿಗಳನ್ನು ಗುರುತಿಸಿರಿ. ಪ್ರತಿದಿನವೂ ಅದೇ ಆರಂಭ ಇರಲಿ.

ಸಂಸಾರದ ಮಾತು ಬಂದದ್ದರಿಂದ ಗಂಗೂಬಾಯಿ ಹಾನಗಲ್ಲರ ನೆನಪಾಯಿತು. ಅವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ಪಾಠ ಹೇಳಿಸಿಕೊಂಡು ಹಿಂದಿರುಗುತ್ತಿದ್ದರು. ಮನೆ ಮತ್ತು ಮಕ್ಕಳ ಹೊಣೆ ಹೊತ್ತವರು ಅವರು. ಭೀಮಸೇನ ಜೋಶಿಯವರಂತೆ ಗುರುಗಳ ಮನೆಯಲ್ಲಿಯೇ ಇದ್ದು ಕಲಿಯುವುದು ಅವರಿಗೆ ಸಾಧ್ಯವಿರಲಿಲ್ಲ. ಅವರ ತಾಳ್ಮೆ ದೊಡ್ಡದು ಎಂದು ನಾವೆಲ್ಲ ಹೇಳುತ್ತೇವೆ, ಅದು ಸರಿಯೇ. ಆದರೆ ರೈಲಿನ ಹೊತ್ತು ಯಾರ ಮನಸ್ಸಿಗೂ ಕಾಯುವುದಿಲ್ಲ ಎಂಬುದೂ ನೆನಪಿರಲಿ. ನಿಮಗೂ ಮನೆಯಿಂದ ಹೊರಗೆ ಹೋಗುವ ಒಂದು ನಿಗದಿಯಾದ ಹೊತ್ತು ಸಿಗುವುದಾದರೆ, ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಈಗಿನ ಅರಿವು ಕೇಂದ್ರ, ಹತ್ತಿರವಿದ್ದು ರಜಾದಿನಗಳಲ್ಲಿ ತೆರೆದಿದ್ದರೆ, ಅಲ್ಲಿಗೆ ಹೋಗಿ ಕುಳಿತು ನೋಡಿ. ಊರಿನವರು ಅಲ್ಲಿಯೂ ಪಹಣಿ ಕೇಳಲು ಬಂದಾರು, ಆದ್ದರಿಂದ ನಿಮ್ಮ ವೃತ್ತಕ್ಕೆ ಸೇರದ ಊರನ್ನೇ ಆರಿಸಿಕೊಳ್ಳಿ.

ಕಪ್ಪುಹಲಗೆ ಮತ್ತೆ ಬರೆದಿದ್ದಾರೆ:

ತಂಬೂರಿಯವರು ಹೇಳಿದ ಷಡ್ಜದ ಕಾಲು ಗಂಟೆಯನ್ನು ನನ್ನ ವಿದ್ಯಾರ್ಥಿಗಳಿಗೂ ಹೇಳಬೇಕೆಂದುಕೊಂಡೆ. ನಿಮ್ಮ ಮೊದಲ ಸಂದೇಹಕ್ಕೆ ಅದು ಉತ್ತರದ ಅರ್ಧ ಭಾಗ. ಉಳಿದರ್ಧ ಕಚೇರಿಯಿಂದ ಹೊರಡುವಾಗ ಮಾಡಬೇಕಾದದ್ದು. ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ತೋರಿಸಿದ ಪ್ರಕಾರ, ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ಹೋದಾಗ ಗಮನದ ಒಂದು ಭಾಗ ಹಿಂದಿನ ಕೆಲಸದಲ್ಲಿಯೇ ಉಳಿದುಕೊಂಡು ಹೊಸ ಕೆಲಸ ಕೆಡುತ್ತದೆ. ನಂತರದ ಅಧ್ಯಯನವೊಂದರಲ್ಲಿ ಅವರೇ ಕಂಡುಕೊಂಡ ಪರಿಹಾರ ತೀರಾ ಸರಳವಾದದ್ದು: ಬಿಡುವ ಮೊದಲು "ಎಲ್ಲಿಗೆ ನಿಲ್ಲಿಸಿದ್ದೇನೆ, ಮರಳಿ ಬಂದಾಗ ಮೊದಲು ಏನು ಮಾಡುತ್ತೇನೆ" ಎಂದು ಒಂದು ನಿಮಿಷ ಬರೆದಿಟ್ಟವರಿಗೆ ಈ ಎಳೆತ ಕಡಿಮೆಯಾಗಿತ್ತು. ನಾಡಕಚೇರಿಯಿಂದ ಹೊರಡುವಾಗ ಡೈರಿಯಲ್ಲಿ ಎರಡು ಸಾಲು ಬರೆಯಿರಿ: ಆ ಪಹಣಿ ಅರ್ಜಿ ಯಾವ ಹಂತದಲ್ಲಿದೆ, ನಾಳೆ ಯಾರ ಸಹಿ ಬೇಕು. ಮರೆತುಬಿಡುವೆನೆಂಬ ಭಯವಿರುವವರೆಗೆ ಮನಸ್ಸು ಅದನ್ನು ಕೈಬಿಡುವುದಿಲ್ಲ.

ಹಾಗೆ ಮಾಡಿದ ಮೇಲೂ ಮನಸ್ಸು ಅಲೆಯುತ್ತದೆ, ಗಾಬರಿಯಾಗಬೇಡಿ. ಹಾರ್ವರ್ಡಿನ ಇಬ್ಬರು ಸಂಶೋಧಕರು 2010ರಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ದಿನದ ಬೇರೆಬೇರೆ ಗಳಿಗೆಗಳಲ್ಲಿ ಕೇಳಿ ನೋಡಿದಾಗ, ಎಚ್ಚರವಿರುವ ಹೊತ್ತಿನ ಶೇಕಡಾ 47ರಷ್ಟು ಸಂದರ್ಭಗಳಲ್ಲಿ ಮಾಡುತ್ತಿರುವ ಕೆಲಸವನ್ನು ಬಿಟ್ಟು ಬೇರೇನನ್ನೋ ಯೋಚಿಸುತ್ತಿದ್ದರು. ಅಲೆಯುವುದು ಮನುಷ್ಯರ ಸಾಮಾನ್ಯ ಸ್ಥಿತಿ. ಬರೀ ಓದುವಾಗ ಅದು ಹೆಚ್ಚೆಂದು ನನ್ನ ಅನುಭವ, ಏಕೆಂದರೆ ಕಣ್ಣು ಓಡುತ್ತಿದ್ದರೆ ಓದುತ್ತಿದ್ದೇವೆ ಎಂದು ನಾವೇ ನಂಬಿಬಿಡುತ್ತೇವೆ. ಎರಡು ಪುಟ ಓದಿ, ಪುಸ್ತಕ ಮುಚ್ಚಿ, ನೆನಪಿನಿಂದ ಬರೆಯಿರಿ. ರೋಡಿಗರ್ ಮತ್ತು ಕಾರ್ಪಿಕ್ ಎಂಬ ಇಬ್ಬರು 2006ರಲ್ಲಿ ತೋರಿಸಿದಂತೆ, ಮತ್ತೆ ಮತ್ತೆ ಓದಿದವರಿಗೆ ಐದು ನಿಮಿಷದ ನಂತರ ಹೆಚ್ಚು ನೆನಪಿತ್ತು. ಒಂದು ವಾರದ ನಂತರ ಕೇಳಿದಾಗ ಓದಿ ಮುಚ್ಚಿ ನೆನಪಿಸಿಕೊಂಡವರೇ ಬಹಳ ಮುಂದಿದ್ದರು. ಬರೆಯಬೇಕೆಂದು ಗೊತ್ತಿದ್ದಾಗ ಮನಸ್ಸಿಗೆ ಅಲೆಯುವ ಅವಕಾಶವೂ ಕಡಿಮೆ. ಇಪ್ಪತ್ತೈದು ನಿಮಿಷ ಓದಿ ಐದು ನಿಮಿಷ ಬಿಡುವು ಪಡೆಯುವ ಪೊಮೊಡೊರೊ ಪದ್ಧತಿಯ ಬಗ್ಗೆ ನೀವು ಕೇಳಿರಬಹುದು. ಅದನ್ನು 1980ರ ದಶಕದ ಕೊನೆಯಲ್ಲಿ ಫ್ರಾನ್ಸೆಸ್ಕೊ ಚಿರಿಲ್ಲೊ ಎಂಬ ವಿದ್ಯಾರ್ಥಿ ಅಡುಗೆಮನೆಯ ಗಡಿಯಾರದಿಂದ ರೂಪಿಸಿಕೊಂಡ. ಆರಂಭಿಸಲು ಅದು ಚೆನ್ನಾಗಿದೆ, ಪ್ರಬಂಧ ಬರೆಯುವ ಅಭ್ಯಾಸಕ್ಕೆ ಸಾಲದು.

ಎರಡನೆಯ ಸಂದೇಹಕ್ಕೆ ಬರುತ್ತೇನೆ. ಈ ಇಡೀ ಚರ್ಚೆಯಲ್ಲಿ ಅದೇ ಹೆಚ್ಚು ಕಠಿಣವಾದದ್ದು. ಎದುರಿಗಿರುವ ಒಂದು ಮಿಠಾಯಿಯನ್ನು ಈಗಲೇ ತಿನ್ನದೆ ಕಾದರೆ ಎರಡು ಸಿಗುತ್ತವೆ ಎಂದು ಮಕ್ಕಳನ್ನು ಕೂರಿಸಿದ ಸ್ಟ್ಯಾನ್‌ಫರ್ಡಿನ ವಾಲ್ಟರ್ ಮಿಶೆಲ್ ಅವರ ಪ್ರಯೋಗದ ಕಥೆಯನ್ನು ವ್ಯಕ್ತಿತ್ವ ವಿಕಸನದ ಭಾಷಣಗಳಲ್ಲೆಲ್ಲ ಹೇಳುತ್ತಾರೆ. ಕಾದ ಮಗು ಮುಂದೆ ಬದುಕಿನಲ್ಲಿ ಗೆಲ್ಲುತ್ತದೆ ಎಂಬುದು ಅದರ ಸಾರವೆಂಬಂತೆ. 2018ರಲ್ಲಿ 900ಕ್ಕೂ ಹೆಚ್ಚು ಮಕ್ಕಳ ಮಾಹಿತಿಯಿಂದ ಅದನ್ನು ಮರುಪರಿಶೀಲಿಸಿದಾಗ, ಮನೆಯ ಹಿನ್ನೆಲೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಆ ಸಂಬಂಧ ಬಹಳ ಕ್ಷೀಣವೆಂದು ಕಂಡಿತು. ಅದಕ್ಕೂ ಮೊದಲೇ ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಸೆಲೆಸ್ಟ್ ಕಿಡ್ ಮತ್ತು ಸಂಗಡಿಗರು ಒಂದು ಸಣ್ಣ ಬದಲಾವಣೆ ಮಾಡಿ ನೋಡಿದ್ದರು. ಮಿಠಾಯಿಗೆ ಮೊದಲು, ಬಣ್ಣ ಹಚ್ಚಲು ಒಳ್ಳೆಯ ಸಾಮಾನು ತರುತ್ತೇನೆಂದು ದೊಡ್ಡವರು ಮಾತು ಕೊಡುತ್ತಿದ್ದರು. ಕೆಲವು ಮಕ್ಕಳಿಗೆ ತಂದುಕೊಟ್ಟರು, ಇನ್ನು ಕೆಲವರಿಗೆ ಬರಿಗೈಯಲ್ಲಿ ಬಂದರು. ಮಾತು ಉಳಿಸಿಕೊಂಡವರನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದರೆ, ಮಾತು ತಪ್ಪಿದವರನ್ನು ಕಂಡವರು ಕಾದದ್ದು 3 ನಿಮಿಷ. ಎರಡನೆಯ ಮಕ್ಕಳಲ್ಲಿ ಸಂಯಮ ಕಡಿಮೆ ಇರಲಿಲ್ಲ, ನಂಬಿಕೆ ಕಡಿಮೆಯಾಗಿತ್ತು.

ನಮ್ಮಲ್ಲಿ 2024ರಲ್ಲಿ ಗೆಜೆಟೆಡ್ ಪ್ರೊಬೇಷನರ್, ಅಂದರೆ ಕೆಎಎಸ್, ಹುದ್ದೆಗಳ ಪೂರ್ವಭಾವಿ ಪರೀಕ್ಷೆ ಆಗಸ್ಟ್ 27ರಂದು ನಡೆದು, ಕನ್ನಡ ಪ್ರಶ್ನೆಗಳ ಅನುವಾದದ ದೋಷಗಳ ಕಾರಣಕ್ಕೆ ಡಿಸೆಂಬರ್ 29ರಂದು ಮತ್ತೆ ನಡೆಯಿತು. ಅಂಥ ಕಾಲದಲ್ಲಿ ಹುರುಪು ಕುಗ್ಗಿದ ಅಭ್ಯರ್ಥಿಗೆ ಶಿಸ್ತಿಲ್ಲ ಎನ್ನುವುದು, ಆ ಎರಡನೆಯ ಗುಂಪಿನ ಮಗುವನ್ನು ಗದರಿಸಿದ ಹಾಗೆ. ನಿಮ್ಮ ಕೈಯಲ್ಲಿರುವುದು ಒಂದೇ: ಪರೀಕ್ಷೆಯ ದಿನಾಂಕವನ್ನು ಗುರಿಯಾಗಿ ಇಟ್ಟುಕೊಳ್ಳದೆ, ನೀವೇ ನಿಗದಿಪಡಿಸಬಲ್ಲ ಸಣ್ಣ ದಿನಾಂಕಗಳನ್ನು ಇಟ್ಟುಕೊಳ್ಳುವುದು. ತಿಂಗಳ ಕೊನೆಯ ಭಾನುವಾರ ಎರಡು ಗಂಟೆ ಕುಳಿತು ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಬಿಡಿಸುವುದು ಯಾರ ಆದೇಶದಿಂದಲೂ ಮುಂದಕ್ಕೆ ಹೋಗದು.

ಸಪ್ತಾಪುರದ ಹಳಬ ಮತ್ತೆ ಬರೆದಿದ್ದಾರೆ:

ನಿದ್ದೆಯ ವಿಷಯದಲ್ಲಿ ರಾತ್ರಿಪಾಳಿಯವರ ಆಕ್ಷೇಪ ಒಪ್ಪತಕ್ಕದ್ದು. ನನ್ನ ಜೊತೆ ನಾಲ್ಕಕ್ಕೆ ಏಳುತ್ತಿದ್ದವರು ಮಧ್ಯಾಹ್ನ ಮಲಗುತ್ತಿದ್ದರು ಎಂಬುದು ಆಗ ಲೆಕ್ಕಕ್ಕೆ ಬಂದಿರಲಿಲ್ಲ. ಆದರೆ ನಿಷ್ಠುರತೆಯ ಮಾತನ್ನು ನಾನು ಹಿಂತೆಗೆದುಕೊಳ್ಳುವುದಿಲ್ಲ. ಎಷ್ಟೇ ವ್ಯವಸ್ಥೆ ಮಾಡಿಕೊಂಡರೂ ಏಳೂವರೆ ಗಂಟೆಗೆ ಟಿವಿಯ ಮುಂದಿನಿಂದ ಏಳುವ ಆ ಒಂದು ಕ್ಷಣ ಉಳಿದೇ ಇರುತ್ತದೆ, ಅದನ್ನು ಯಾವ ಮೇಜೂ ಗಡಿಯಾರವೂ ನಮ್ಮ ಪರವಾಗಿ ಮಾಡಿಕೊಡುವುದಿಲ್ಲ.

ಮೊಬೈಲಿನ ಪ್ರಶ್ನೆಗೆ ಯಾರೂ ಪೂರ್ತಿ ಉತ್ತರಿಸಿಲ್ಲವಾದ್ದರಿಂದ ನಾನು ಹೇಳುತ್ತೇನೆ. ಟೆಲಿಗ್ರಾಂನ ನೋಟ್ಸುಗಳನ್ನು ಝೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ ಬೈಂಡ್ ಮಾಡಿಸಿಬಿಡಿ. ಮೊಬೈಲಿನಲ್ಲಿ ಸಾವಿರ ಪುಟ ಕೂಡಿಟ್ಟವರನ್ನು ಕಂಡಿದ್ದೇನೆ, ಓದಿದವರನ್ನು ಕಂಡದ್ದು ಅಪರೂಪ. ಯೂಟ್ಯೂಬಿನ ತರಗತಿಗಳನ್ನು ಓದಿನ ಹೊತ್ತಿನಿಂದ ಹೊರಗಿಡಿ, ಬಸ್ಸಿನಲ್ಲಿ ಕೇಳಿಸಿಕೊಳ್ಳಲು ಅವು ಸಾಕು. ಕಚೇರಿಯ ಸಿಮ್ಮನ್ನು ಬೇರೊಂದು ಹ್ಯಾಂಡ್‌ಸೆಟ್ಟಿಗೆ ಹಾಕಿ, ಅದರಲ್ಲಿ ವಾಟ್ಸಾಪು ಮತ್ತು ಇಲಾಖೆಯ ಆ್ಯಪುಗಳನ್ನು ಬಿಟ್ಟು ಬೇರೇನೂ ಇರದಂತೆ ನೋಡಿಕೊಳ್ಳಿ; ಹಳೆಯ ಮೊಬೈಲು ಪ್ರತಿ ಮನೆಯಲ್ಲೂ ಒಂದಿರುತ್ತದೆ. ಆಗ ಸೂಚನೆ ಬಂದಾಗ ನೋಡಿದರೂ ಮುಂದಕ್ಕೆ ಜಾರಲು ಅಲ್ಲಿ ದಾರಿಯಿರುವುದಿಲ್ಲ. ಮನರಂಜನೆಯ ಮೊಬೈಲು ಆ ಒಂದೂವರೆ ಗಂಟೆ ಅತ್ತೆಯವರ ಕೋಣೆಯಲ್ಲಿರಲಿ.

ವರದಾತೀರ ಪ್ರತಿಕ್ರಿಯಿಸಿದ್ದಾರೆ:

ಎರಡು ಮೊಬೈಲಿನ ಉಪಾಯ ನನಗೆ ಹೊಳೆದಿರಲಿಲ್ಲ. ಮಾವನವರ ಹಳೆಯ ಹ್ಯಾಂಡ್‌ಸೆಟ್ಟು ಇದೆ, ಬ್ಯಾಟರಿ ಬದಲಿಸಬೇಕು. ಕೊನೆಯದಾಗಿ ಒಂದು ಪ್ರಶ್ನೆ: ಮುಂಗಾರಿನ ಬೆಳೆ ಸಮೀಕ್ಷೆ ಶುರುವಾದರೆ ಹಲವು ವಾರ ಹೊಲಗಳಲ್ಲೇ ಕಳೆಯಬೇಕಾಗುತ್ತದೆ, ಏಳೂವರೆಗೆ ಮನೆ ಸೇರುವ ಭರವಸೆ ಇರುವುದಿಲ್ಲ. ಆ ದಿನಗಳಲ್ಲಿ ಓದನ್ನು ಪೂರ್ತಿಯಾಗಿ ನಿಲ್ಲಿಸಿಬಿಡಲೇ?

ರಾತ್ರಿಪಾಳಿ ಉತ್ತರಿಸಿದ್ದಾರೆ:

ನಿಲ್ಲಿಸಬೇಡಿ ಅಕ್ಕ, ಚಿಕ್ಕದು ಮಾಡಿ. ನನ್ನ ಪಾಳಿ ಬದಲಾಗುವ ವಾರಗಳಲ್ಲಿ ನಾನು ಗಂಟೆಗಳ ಲೆಕ್ಕವನ್ನು ಕೈಬಿಟ್ಟು, ಮಲಗುವ ಮುನ್ನ ಹತ್ತು ವಸ್ತುನಿಷ್ಠ ಪ್ರಶ್ನೆಗಳನ್ನು ಕಾಗದದ ಮೇಲೆ ಬಿಡಿಸುವುದಷ್ಟನ್ನೇ ಇಟ್ಟುಕೊಳ್ಳುತ್ತೇನೆ. ಅದಕ್ಕೆ ಕಾಲು ಗಂಟೆಗಿಂತ ಹೆಚ್ಚು ಬೇಡ. ನೀವು ಆ ಹತ್ತು ಪ್ರಶ್ನೆಗಳನ್ನು ಕೃಷಿ ಮತ್ತು ಕರ್ನಾಟಕದ ಭೂಗೋಳದಿಂದಲೇ ಆರಿಸಿಕೊಳ್ಳಿ, ಹಗಲೆಲ್ಲ ಹೊಲದಲ್ಲಿ ಕಂಡದ್ದು ಅಲ್ಲಿಗೆ ಒದಗುತ್ತದೆ. ಸಮೀಕ್ಷೆ ಮುಗಿಯುವ ವಾರಕ್ಕೆ ಮೊದಲೇ, ಮತ್ತೆ ಏಳೂವರೆಯ ಪಾಠಕ್ಕೆ ಯಾವ ದಿನ ಮರಳುತ್ತೀರಿ ಎಂಬುದನ್ನು ಕ್ಯಾಲೆಂಡರಿನಲ್ಲಿ ಬರೆದು ಯಜಮಾನರಿಗೂ ತೋರಿಸಿಡಿ, ಇಲ್ಲವಾದರೆ ಹೋಂವರ್ಕ್ ಅಷ್ಟರಲ್ಲಿ ನಿಮ್ಮ ಪಾಲಿಗೇ ಮರಳಿ ಬಂದಿರುತ್ತದೆ.